ಜೋಡಿ ಸವಾರಿಯ ಸೈಕಲ್: ಹಿಂದೆ ಕೂರುವವರನ್ನು ನೆನೆದು ಆರಿಸಿ, ಅವರನ್ನು ನೆನೆದೇ ತುಳಿಯಿರಿ

ಒಬ್ಬರ ಹಿಂದೊಬ್ಬರು ಕುಳಿತು ಇಬ್ಬರೂ ತುಳಿಯುವ ಟ್ಯಾಂಡೆಮ್ ಸೈಕಲ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮುಂದಿನ ಸೀಟಿನಲ್ಲಿ ಕುಳಿತು, ಹ್ಯಾಂಡಲ್ ಹಿಡಿದು, ಬ್ರೇಕ್ ಒತ್ತಿ ನೋಡುತ್ತಾರೆ. ಅದು ಹಿಡಿಸಿದರೆ ವ್ಯಾಪಾರ ಮುಗಿಯಿತು. ಆದರೆ ಈ ಸೈಕಲ್ಲಿನ ಯೋಗ್ಯತೆ ತಿಳಿಯುವುದು ಹಿಂದಿನ ಸೀಟಿನಲ್ಲಿ. ಮುಂದಿನ ಸವಾರರ ಕೈಯಲ್ಲಿ ಹ್ಯಾಂಡಲ್, ಬ್ರೇಕ್, ಗೇರ್ ಎಲ್ಲವೂ ಇರುತ್ತವೆ, ಕಣ್ಣೆದುರಿಗೆ ರಸ್ತೆಯೂ ಇರುತ್ತದೆ. ಹಿಂದಿನ ಸವಾರರಿಗೆ ಎದುರಿಗೆ ಕಾಣುವುದು ಒಂದು ಬೆನ್ನು ಮಾತ್ರ. ಬರುವ ಗುಂಡಿ ಅವರಿಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ತಪ್ಪಿಸುವ ಉಪಾಯವಿಲ್ಲ. ಎರಡು ಸವಾರಿಗಳಲ್ಲೇ ಅವರಿಗೆ ಸಾಕೆನಿಸಿದರೆ ಆ ಸೈಕಲ್ ಜಗಲಿಯಲ್ಲಿ ನಿಂತು ತುಕ್ಕು ಹಿಡಿಯುತ್ತದೆ. ಆದ್ದರಿಂದ ಆಯ್ಕೆಯಿಂದ ಹಿಡಿದು ಸವಾರಿಯವರೆಗೆ ಪ್ರತಿಯೊಂದನ್ನೂ ಹಿಂದೆ ಕೂರುವವರ ಕಡೆಯಿಂದ ಯೋಚಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಚ್ಚಿನ ಟ್ಯಾಂಡೆಮ್‌ಗಳಲ್ಲಿ ಎರಡು ಜೊತೆ ಪೆಡಲ್‌ಗಳನ್ನು ಎಡಬದಿಯ ಒಂದು ಉದ್ದನೆಯ ಚೈನ್ ಒಂದಕ್ಕೊಂದು ಕಟ್ಟಿಹಾಕಿರುತ್ತದೆ, ಬಲಬದಿಯ ಎಂದಿನ ಚೈನ್ ಹಿಂಚಕ್ರವನ್ನು ತಿರುಗಿಸುತ್ತದೆ. ಹೀಗಾಗಿ ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು. ಒಬ್ಬರು ನಿಲ್ಲಿಸಿದರೆ ಇಬ್ಬರೂ ನಿಲ್ಲಿಸಬೇಕು. ಇಬ್ಬರು ಬೇರೆ ಬೇರೆ ಸೈಕಲ್‌ನಲ್ಲಿ ಹೋದಾಗ ಶಕ್ತಿ ಹೆಚ್ಚಿರುವವರು ಮುಂದೆ ಹೋಗಿ ಕಾಯಬೇಕಾಗುತ್ತದೆ. ಇಲ್ಲಿ ಆ ಪ್ರಶ್ನೆಯೇ ಇಲ್ಲ. ಗಾಳಿಯನ್ನು ಸೀಳುವ ಕೆಲಸ ಬಹುಪಾಲು ಮುಂದಿನವರ ಮೈಯಿಂದಲೇ ಆಗುವುದರಿಂದ ಸಮತಟ್ಟು ರಸ್ತೆಯಲ್ಲಿ ಟ್ಯಾಂಡೆಮ್ ಒಂಟಿ ಸೈಕಲ್‌ಗಿಂತ ವೇಗವಾಗಿ ಹೋಗುತ್ತದೆ, ಇಳಿಜಾರಿನಲ್ಲಿ ಇನ್ನೂ ವೇಗ. ಏರಿನಲ್ಲಿ ಮಾತ್ರ ಅದು ನಿಧಾನ.

ಮುಂದೆ ಯಾರು ಕೂರಬೇಕೆಂಬುದನ್ನು ಸೈಕಲ್ ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಬೇಕು, ಏಕೆಂದರೆ ಫ್ರೇಮ್‌ನ ಅಳತೆ ಅದನ್ನೇ ಅವಲಂಬಿಸಿದೆ. ರಸ್ತೆಯಲ್ಲಿ ಸೈಕಲ್ ತುಳಿದು ಹೆಚ್ಚು ಅನುಭವವಿರುವವರು ಮುಂದೆ ಕೂರುವುದು ಸರಿ. ತೂಕವೂ ಮುಖ್ಯ: ಹಿಂದಿನವರು ಮುಂದಿನವರಿಗಿಂತ ತುಂಬ ಭಾರವಾಗಿದ್ದರೆ ಅವರ ಪ್ರತಿಯೊಂದು ಅಲುಗಾಟವೂ ಹ್ಯಾಂಡಲ್ ಹಿಡಿದವರ ತೋಳನ್ನು ಎಳೆಯುತ್ತದೆ. ಗಂಡನೇ ಮುಂದೆ, ಹೆಂಡತಿಯೇ ಹಿಂದೆ ಎಂಬ ನಿಯಮವೇನೂ ಇಲ್ಲ; ಇಬ್ಬರ ತೂಕ ಹತ್ತಿರ ಹತ್ತಿರವಿದ್ದು ಹೆಂಡತಿಗೆ ಸೈಕಲ್ ಪಳಗಿದ್ದರೆ ಅವರೇ ಮುಂದೆ ಕೂರಲಿ.

ಆಯ್ಕೆ

ಮುಂದಿನ ಸವಾರರು ಮೇಲಿನ ಬಾರ್‌ನ ಎರಡೂ ಬದಿಗೆ ಕಾಲಿಟ್ಟು ನಿಂತಾಗ ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ತಾಗಬೇಕು, ಬಾರ್‌ಗೂ ಮೈಗೂ ನಡುವೆ ಕೆಲವು ಬೆರಳುಗಳಷ್ಟು ಜಾಗ ಉಳಿಯಬೇಕು. ಒಂಟಿ ಸೈಕಲ್‌ನಲ್ಲಿ ತುದಿಗಾಲಲ್ಲಿ ನಿಂತು ಸುಧಾರಿಸಬಹುದು. ಟ್ಯಾಂಡೆಮ್‌ನಲ್ಲಿ ಹಿಂದೆ ಕುಳಿತವರ ಭಾರವನ್ನೂ ಸಿಗ್ನಲ್‌ನಲ್ಲಿ ಮುಂದಿನವರ ಕಾಲುಗಳೇ ಹೊರಬೇಕಾಗಿರುವುದರಿಂದ ಈ ವಿಷಯದಲ್ಲಿ ರಾಜಿ ಬೇಡ.

ಆಮೇಲೆ ಹಿಂದಿನ ಜಾಗವನ್ನು ಅಳೆಯಬೇಕು. ಮುಂದಿನ ಸೀಟಿನ ಕಂಬಕ್ಕೂ ಹಿಂದಿನ ಸೀಟಿನ ಕಂಬಕ್ಕೂ ಇರುವ ಅಂತರವನ್ನು ಟೇಪ್ ಹಿಡಿದೇ ನೋಡಿ. ಸುಮಾರು 70 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ವಯಸ್ಕರು ನೆಮ್ಮದಿಯಾಗಿ ಕೂರಬಹುದು. ಅಗ್ಗದ ಸೈಕಲ್‌ಗಳಲ್ಲಿ ಈ ಅಂತರವನ್ನೇ ಕಡಿಮೆ ಮಾಡಿರುವುದರಿಂದ ಸ್ವಲ್ಪ ಬಾಗಿದರೂ ಹಿಂದಿನವರ ಮೂಗು ಮುಂದಿನವರ ಬೆನ್ನಿಗೆ ತಾಗುತ್ತದೆ. ಹಿಂದಿನ ಹ್ಯಾಂಡಲ್ ಮುಂದಿನ ಸೀಟಿನ ಕಂಬಕ್ಕೆ ಜೋಡಿಸಿರುತ್ತದೆ. ಅದನ್ನು ಮುಂದಕ್ಕೂ ಹಿಂದಕ್ಕೂ ಸರಿಸಲು ಬರಬೇಕು, ತುಳಿಯುವಾಗ ಮುಂದಿನವರ ತೊಡೆ ಹಿಂದಿನವರ ಬೆರಳುಗಳಿಗೆ ಉಜ್ಜದಷ್ಟು ಅಗಲವೂ ಇರಬೇಕು. ಹಿಂದಿನ ಸೀಟಿಗೆ ಸ್ಪ್ರಿಂಗ್ ಇರುವ ಸೀಟ್‌ಪೋಸ್ಟ್ ಹಾಕಿಸುವುದಕ್ಕೆ ಮಾಡುವ ಖರ್ಚು ಈ ಸೈಕಲ್‌ಗೆ ಮಾಡಬಹುದಾದ ಎಲ್ಲ ಖರ್ಚುಗಳಲ್ಲಿ ಸಾರ್ಥಕವಾದದ್ದು. ಗುಂಡಿ ಬರುವುದನ್ನು ಕಂಡವರು ತಾವಾಗಿಯೇ ಸೀಟಿನಿಂದ ಸ್ವಲ್ಪ ಎದ್ದು ಪೆಟ್ಟು ತಪ್ಪಿಸಿಕೊಳ್ಳುತ್ತಾರೆ, ಕಾಣದವರು ಆ ಪೆಟ್ಟನ್ನು ಪೂರ್ತಿಯಾಗಿ ಬೆನ್ನುಮೂಳೆಯ ಮೇಲೆ ತೆಗೆದುಕೊಳ್ಳುತ್ತಾರೆ. ಮಂಗಳೂರಿನ ಕಾಂಕ್ರೀಟ್ ರಸ್ತೆಗಳಲ್ಲಿ ಹಾಸು ಹಾಸಿನ ನಡುವಿನ ಗೆರೆಗಳನ್ನು ದಾಟುವಾಗಲೇ ಇದರ ಬೆಲೆ ತಿಳಿಯುತ್ತದೆ.

ಹಿಂದೆ ಕೂರುವುದು ಮಗಳೋ ಮಗನೋ ಆಗಿದ್ದರೆ ಸೀಟನ್ನು ತಗ್ಗಿಸಿದರಷ್ಟೇ ಸಾಲದು, ಪೆಡಲ್ ಹಿಡಿದ ಕ್ರ್ಯಾಂಕ್‌ನ ಉದ್ದವೂ ಕಡಿಮೆಯಾಗಬೇಕು. ವಯಸ್ಕರ ಕ್ರ್ಯಾಂಕ್ ಸಾಮಾನ್ಯವಾಗಿ 170 ಮಿಲಿಮೀಟರ್ ಇರುತ್ತದೆ. ಅದರಲ್ಲಿ ಮಗುವಿನ ಮೊಣಕಾಲು ಪ್ರತಿ ಸುತ್ತಿಗೂ ಎದೆಯ ಹತ್ತಿರ ಬರುತ್ತದೆ. ಗಿಡ್ಡ ಕ್ರ್ಯಾಂಕ್ ಹಾಕಿಸಿಕೊಡುವಂತೆ ಅಂಗಡಿಯವರನ್ನು ಕೇಳಿ.

ಚಕ್ರದ ವಿಷಯದಲ್ಲಿ ಲೆಕ್ಕ ಸರಳ. 65 ಕಿಲೋ, 60 ಕಿಲೋ ತೂಗುವ ಇಬ್ಬರು, ಜೊತೆಗೆ 20 ಕಿಲೋ ಸೈಕಲ್ ಎಂದರೆ ಎರಡು ಚಕ್ರಗಳ ಮೇಲೆ 145 ಕಿಲೋ ಬೀಳುತ್ತದೆ. ಪ್ರತಿ ಚಕ್ರಕ್ಕೆ ಕನಿಷ್ಠ 36 ಕಡ್ಡಿಗಳಿರಲಿ, 40 ಇದ್ದರೆ ಇನ್ನೂ ಒಳ್ಳೆಯದು. ಕಡ್ಡಿಗಳು ಸ್ಟೀಲ್ ಎಂದಷ್ಟೇ ಕೇಳಿ ಸುಮ್ಮನಾಗದೆ ಸ್ಟೇನ್‌ಲೆಸ್ ಸ್ಟೀಲ್ ಹೌದೋ ಅಲ್ಲವೋ ಎಂದು ವಿಚಾರಿಸಿ. ನಮ್ಮ ಕರಾವಳಿಯಲ್ಲಿ ಸಮುದ್ರದ ಉಪ್ಪುಗಾಳಿ ಉಳಿದದ್ದನ್ನೆಲ್ಲ ತಿನ್ನುತ್ತದೆ. ನಮ್ಮ ರಸ್ತೆಗಳಿಗೆ 40 ಮಿಲಿಮೀಟರಿಗಿಂತ ತೆಳುವಾದ ಟಯರ್ ಬೇಡ. ಒಂಟಿ ಸವಾರಿಗಿಂತ ಹೆಚ್ಚು ಗಾಳಿ ತುಂಬಿಸಬೇಕು, ಆದರೆ ಟಯರಿನ ಬದಿಯಲ್ಲಿ ಅಚ್ಚಾಗಿರುವ ಮಿತಿಯನ್ನು ಮೀರಬಾರದು.

ಬ್ರೇಕ್ ಕುರಿತು ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ರಿಮ್ಮಿಗೆ ಒತ್ತುವ ರಬ್ಬರ್ ಬ್ರೇಕ್ ತಕ್ಷಣ ಹಿಡಿಯುವುದಿಲ್ಲ. ರಸ್ತೆಯ ಮೇಲೆ ಹರಿದು ಬಂದ ಕೆಂಪು ಮಣ್ಣಿನ ಕೆಸರು ರಬ್ಬರಿಗೂ ರಿಮ್ಮಿಗೂ ನಡುವೆ ಸೇರಿ ಮರಳು ಕಾಗದದಂತೆ ರಿಮ್ಮನ್ನೇ ಸವೆಸುತ್ತದೆ. ಇಬ್ಬರ ಭಾರಕ್ಕೆ 180ರಿಂದ 203 ಮಿಲಿಮೀಟರ್ ವ್ಯಾಸದ ಡಿಸ್ಕ್ ಇರುವ ಬ್ರೇಕ್ ನಂಬಿಕೆಗೆ ಅರ್ಹ. ಮಣಿಪಾಲದಿಂದ ಇಂದ್ರಾಳಿಯ ಕಡೆ ಇಳಿಯುವಾಗ, ಮಂಗಳೂರಿನ ಬಾವುಟಗುಡ್ಡೆಯಿಂದ ಕೆಳಗೆ ಬರುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡಿರುವ ಬದಲು ಮುಂದಿನದನ್ನೂ ಹಿಂದಿನದನ್ನೂ ಸರದಿಯಲ್ಲಿ ಒತ್ತಿ ಬಿಡುತ್ತ ಬರಬೇಕು. ರಿಮ್ ಬ್ರೇಕನ್ನು ಸತತವಾಗಿ ಹಿಡಿದರೆ ರಿಮ್ ಕಾದು ಟ್ಯೂಬ್ ಒಡೆಯುವ ಅಪಾಯವಿದೆ. ರಿಮ್ ಬ್ರೇಕ್ ಮಾತ್ರ ಇರುವ ಟ್ಯಾಂಡೆಮ್‌ನಲ್ಲಿ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವ ಸಾಹಸಕ್ಕೆ ಯಾರೂ ಇಳಿಯಬಾರದು.

ಕಡಲ ಬದಿಯ ರಸ್ತೆಗಳಲ್ಲಷ್ಟೇ ತಿರುಗುವುದಾದರೆ ಗೇರ್ ಇಲ್ಲದ್ದೂ ನಡೆದೀತು. ಕದ್ರಿಯ ಏರು, ಮಣಿಪಾಲದ ಏರು ನಿತ್ಯದ ದಾರಿಯಲ್ಲಿದ್ದರೆ ಮುಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕಿಂತ ಹಿಂದಿನ ಅತಿ ದೊಡ್ಡ ಹಲ್ಲುಚಕ್ರ ದೊಡ್ಡದಾಗಿರಲಿ. ಮುಂದೆ 28 ಅಥವಾ 30 ಹಲ್ಲು, ಹಿಂದೆ 34 ಹಲ್ಲು ಎಂದಿಟ್ಟುಕೊಳ್ಳಿ. ಇನ್ನೊಂದು ಮಾತು: ಟ್ಯಾಂಡೆಮ್ ಸುಮಾರು ಎರಡೂವರೆ ಮೀಟರ್ ಉದ್ದವಿರುತ್ತದೆ. ಫ್ಲ್ಯಾಟ್‌ನಲ್ಲಿ ಇರುವವರು ಅದು ಲಿಫ್ಟಿನಲ್ಲಿ ಹಿಡಿಯುತ್ತದೆಯೇ, ಮೆಟ್ಟಿಲ ತಿರುವಿನಲ್ಲಿ ಹೊರಳುತ್ತದೆಯೇ ಎಂದು ಮೊದಲೇ ಅಳೆದು ನೋಡಲಿ.

ಹತ್ತುವುದು, ಹೊರಡುವುದು, ನಿಲ್ಲುವುದು

ಮೊದಲು ಮುಂದಿನ ಸವಾರರು ಒಬ್ಬರೇ, ಹಿಂದಿನ ಸೀಟು ಖಾಲಿ ಇಟ್ಟುಕೊಂಡು, ವಿಶಾಲವಾದ ಜಾಗದಲ್ಲಿ ತುಳಿದು ಪಳಗಬೇಕು. ಮಂಗಳೂರಿನವರಿಗೆ ನೆಹರೂ ಮೈದಾನವಿದೆ. ಉಡುಪಿಯವರು ಬೆಳಗಿನ ಹೊತ್ತಿನಲ್ಲಿ ಮಲ್ಪೆಯ ಪಡುಕರೆಗೆ ಹೋಗಬಹುದು. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬಾರದೆ ಒಳಗಿನಿಂದ ಬರುತ್ತದೆ ಎಂಬುದು ಆಗಲೇ ಗಮನಕ್ಕೆ ಬರುತ್ತದೆ. ಮುಂದಿನ ಚಕ್ರ ತಪ್ಪಿಸಿದ ಗುಂಡಿಗೆ ಹಿಂದಿನ ಚಕ್ರ ಬೀಳುವುದು ಇದರಿಂದಲೇ.

ಇಬ್ಬರೂ ಹತ್ತುವಾಗ ಮುಂದಿನವರು ಮೊದಲು. ಹಿಂದಿನಿಂದ ಕಾಲು ಬೀಸಿ ಹತ್ತುವ ರೂಢಿಯನ್ನು ಇಲ್ಲಿ ಬಿಡಬೇಕು, ಹಿಂದೆ ಒಬ್ಬರು ನಿಂತಿರುತ್ತಾರೆ. ಸೈಕಲ್ಲನ್ನು ತಮ್ಮ ಕಡೆಗೆ ತುಸು ವಾಲಿಸಿ, ಮುಂದಿನ ಹ್ಯಾಂಡಲ್ ಮೇಲಿನಿಂದ ಕಾಲು ದಾಟಿಸಿ, ಎರಡು ಕಾಲುಗಳನ್ನೂ ಅಗಲಿಸಿ ಊರಿ, ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ನಿಲ್ಲಬೇಕು. ಕಾಲು ಅಗಲಿಸುವುದಕ್ಕೆ ಕಾರಣವಿದೆ: ಹಿಂದಿನವರು ಪೆಡಲ್ ತಿರುಗಿಸಿದಾಗ ಮುಂದಿನ ಪೆಡಲ್‌ಗಳೂ ತಿರುಗಿ ಕಾಲಿನ ಎಲುಬಿಗೆ ಬಲವಾಗಿ ಬಡಿಯುತ್ತವೆ. ಈಗ ಹಿಂದಿನವರು ಹತ್ತಿ ಸೀಟಿನ ಮೇಲೆ ಕುಳಿತು ಎರಡು ಪಾದಗಳನ್ನೂ ಪೆಡಲ್ ಮೇಲಿಟ್ಟುಕೊಳ್ಳುತ್ತಾರೆ. ಅವರು ಎಷ್ಟೇ ಅಲುಗಾಡಿದರೂ ಸೈಕಲ್ ಕದಲಬಾರದು. ಹಿಂದೆ ಕೂರುವವರ ಭಯ ಹೋಗುವುದೂ ಉಳಿಯುವುದೂ ಈ ಅರ್ಧ ನಿಮಿಷದಲ್ಲಿ ಎಂಬುದನ್ನು ಮುಂದಿನವರು ಮರೆಯಬಾರದು.

ಮುಂದಿನವರು ಯಾವ ಕಾಲಿನಿಂದ ಹೊರಡುತ್ತಾರೋ ಆ ಪೆಡಲ್ ಮೇಲೆ ಬರುವಂತೆ ಹಿಂದಿನವರು ಪೆಡಲನ್ನು ಹಿಮ್ಮುಖವಾಗಿ ತಿರುಗಿಸಿ ನಿಲ್ಲಿಸಿಕೊಡಬೇಕು. "ತಯಾರಾ?" ಎಂದು ಕೇಳಿ, "ಹೂಂ" ಎಂಬ ಉತ್ತರ ಕಿವಿಗೆ ಬಿದ್ದ ಮೇಲೆ ಬ್ರೇಕ್ ಬಿಟ್ಟು, ಎಣಿಸಿ, ಇಬ್ಬರೂ ಒಟ್ಟಿಗೆ ಒತ್ತಬೇಕು. ಕಡಿಮೆ ಗೇರಿನಲ್ಲಿ ಹೊರಟರೆ ಎರಡು ಸುತ್ತಿಗೆ ಸೈಕಲ್ ನೇರವಾಗುತ್ತದೆ. ಮುಂದಿನವರ ಇನ್ನೊಂದು ಪಾದ ಪೆಡಲ್ ಸೇರುವವರೆಗೆ ಹಿಂದಿನವರು ಅವಸರ ಮಾಡಬಾರದು.

ನಿಲ್ಲುವಾಗ "ನಿಲ್ಲಿಸ್ತೇನೆ" ಎಂದು ಮೊದಲೇ ಹೇಳಿ, ಗೇರ್ ಇಳಿಸಿ, ನಿಧಾನಿಸಿ, ಮುಂದಿನವರು ಮಾತ್ರ ಕಾಲೂರುತ್ತಾರೆ. ಹಿಂದಿನವರ ಪಾದಗಳು ಪೆಡಲ್ ಮೇಲೆಯೇ ಇರಲಿ. ಇಬ್ಬರೂ ಕಾಲೂರಲು ಹೋದಾಗ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ವಾಲಿ ಬೀಳುವುದುಂಟು. ಇಳಿಯುವಾಗ ಹಿಂದಿನವರು ಮೊದಲು ಇಳಿಯಬೇಕು.

ಮಾತು ಮತ್ತು ರಸ್ತೆ

ಟ್ಯಾಂಡೆಮ್ ನಡೆಯುವುದು ಮಾತಿನಿಂದ. "ಗುಂಡಿ", "ಹಂಪ್", "ಎಡ", "ಬಲ", "ಗೇರ್", "ಬಿಡು" ಹೀಗೆ ಒಂದೊಂದೇ ಪದದಲ್ಲಿ, ಘಟನೆಗೆ ಎರಡು ಕ್ಷಣ ಮೊದಲು, ಗಾಳಿಯಲ್ಲಿಯೂ ಕೇಳುವಂತೆ ಮುಂದಿನವರು ಹೇಳುತ್ತಲೇ ಇರಬೇಕು. "ಗೇರ್" ಎಂದಾಗ ಇಬ್ಬರೂ ಪೆಡಲ್ ಮೇಲಿನ ಒತ್ತಡವನ್ನು ತುಸು ಸಡಿಲಿಸಿದರೆ ಚೈನ್ ಸದ್ದಿಲ್ಲದೆ ಬದಲಾಗುತ್ತದೆ. "ಬಿಡು" ಎಂದರೆ ಇಬ್ಬರೂ ತುಳಿಯುವುದನ್ನು ನಿಲ್ಲಿಸಬೇಕೆಂದು ಅರ್ಥ. ಹೇಳದೆ ನಿಲ್ಲಿಸಿದರೆ ಹಿಂದಿನವರ ಮೊಣಕಾಲಿಗೆ ಥಟ್ಟನೆ ಪೆಟ್ಟು ಬೀಳುತ್ತದೆ. ಹಿಂದಿನವರು ತಿರುವಿನಲ್ಲಿ ವಿರುದ್ಧ ಬದಿಗೆ ವಾಲದೆ ಸೈಕಲ್ ವಾಲಿದಂತೆ ತಾವೂ ಇರಬೇಕು. ಹಿಂದೆ ತಿರುಗಿ ನೋಡುವುದು, ಕೈ ತೋರಿಸುವುದು, ದಾರಿ ಹೇಳುವುದು ಅವರ ಕೆಲಸ. ತುಳಿಯುವ ವೇಗ ಇಬ್ಬರಿಗೂ ಒಂದೇ ಇರಬೇಕಾದ್ದರಿಂದ ಮೊದಮೊದಲು ಹಿಂದಿನವರಿಗೆ ಹಿತವೆನಿಸುವ ವೇಗವನ್ನೇ ಹಿಡಿಯಿರಿ. ಕಾಲು ಗಂಟೆಗೊಮ್ಮೆ ತುಳಿಯುವುದನ್ನು ನಿಲ್ಲಿಸಿ ಇಬ್ಬರೂ ಸೀಟಿನಿಂದ ಸ್ವಲ್ಪ ಏಳುವ ಅಭ್ಯಾಸ ಮಾಡಿಕೊಳ್ಳಿ. ಒಂಟಿ ಸೈಕಲ್‌ನಲ್ಲಿ ನಾವು ಅರಿವಿಲ್ಲದೆ ಮಾಡುವ ಈ ವಿಶ್ರಾಂತಿ ಇಲ್ಲಿ ಹೇಳಿಯೇ ಆಗಬೇಕು.

ಹಿಂದಿನ ಸವಾರರಿಗೆ ಕಣ್ಣು ಕಾಣದಿದ್ದರೆ ಮೇಲಿನ ನಿಯಮಗಳಲ್ಲಿ ಯಾವುದೂ ಬದಲಾಗುವುದಿಲ್ಲ, ಪ್ರತಿಯೊಂದೂ ಇನ್ನಷ್ಟು ಕಟ್ಟುನಿಟ್ಟಾಗುತ್ತದೆ. ಹಿಂದೆ ನೋಡುವ ಕೆಲಸಕ್ಕೆ ಮುಂದಿನ ಹ್ಯಾಂಡಲ್‌ಗೆ ಒಂದು ಕನ್ನಡಿ ಹಾಕಿಕೊಳ್ಳಬೇಕು. ಹತ್ತುವ ಮೊದಲು ಮುಂಚಕ್ರದಿಂದ ಹಿಂಚಕ್ರದವರೆಗೆ ಇಡೀ ಸೈಕಲ್ಲನ್ನು ಅವರು ಕೈಯಿಂದ ಮುಟ್ಟಿ ತಿಳಿದುಕೊಳ್ಳಲು ಸಮಯ ಕೊಡಿ. ಅವರ ಕೈ ಹಿಡಿದು ಎಳೆಯದೆ ನಿಮ್ಮ ಮೊಣಕೈಯನ್ನು ಅವರಿಗೆ ಹಿಡಿಯಲು ಕೊಡಿ. ದಾರಿಯಲ್ಲಿ ಗುಂಡಿ, ಹಂಪ್ ಅಷ್ಟೇ ಅಲ್ಲದೆ ಎಡಕ್ಕೆ ನದಿ ಬಂತು, ದೋಣಿ ಎಳೆಯುತ್ತಿದ್ದಾರೆ, ಮುಂದೆ ಏರಿದೆ ಎಂದೂ ಹೇಳುತ್ತ ಹೋಗಿ. ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷವುಳ್ಳ ಸ್ಪರ್ಧಿಗಳು ಟ್ಯಾಂಡೆಮ್‌ನ ಹಿಂದಿನ ಸೀಟಿನಲ್ಲಿ ಕುಳಿತೇ ಓಟಕ್ಕಿಳಿಯುತ್ತಾರೆ, ಗೆದ್ದರೆ ಪದಕ ಇಬ್ಬರಿಗೂ ಸಿಗುತ್ತದೆ. ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳ ಸೈಕಲ್ ಬಳಗಗಳು ಒಂದೊಂದು ಟ್ಯಾಂಡೆಮ್ ಇಟ್ಟುಕೊಂಡು ಅಂಥವರನ್ನು ವಾರಕ್ಕೊಮ್ಮೆ ಕರೆದೊಯ್ಯಬೇಕೆಂಬುದು ನನ್ನ ಬಹುದಿನದ ಆಸೆ.

ಮೊದಲ ದೂರದ ಸವಾರಿಗೆ ಪಡುಕರೆಯಿಂದ ಮಟ್ಟುವಿನ ಮೂಲಕ ಕಾಪು ದೀಪಸ್ತಂಭದ ಕಡೆಗೆ ಹೋಗುವ ಕಡಲ ಬದಿಯ ರಸ್ತೆ, ಇಲ್ಲವೇ ಮಲ್ಪೆಯಿಂದ ಹೂಡೆಯ ಮೇಲೆ ಕೋಡಿ ಬೆಂಗ್ರೆಗೆ ಹೋಗುವ ರಸ್ತೆ ತಕ್ಕದ್ದು. ಎರಡೂ ಸಮತಟ್ಟು, ಎರಡನೆಯದರಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಸ್ವರ್ಣಾ ನದಿ. ಗಾಳಿ ಹಾರಿಸಿ ತಂದ ಮರಳು ಡಾಂಬರಿನ ಮೇಲೆ ಹರಡಿರುವಲ್ಲಿ ಬ್ರೇಕ್ ಒತ್ತದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಬೇಕು. ರಾಷ್ಟ್ರೀಯ ಹೆದ್ದಾರಿ 66ನ್ನು ಸದ್ಯಕ್ಕೆ ದೂರವಿಡಿ. ಎಕ್ಸ್‌ಪ್ರೆಸ್ ಬಸ್ಸು ಪಕ್ಕದಲ್ಲಿ ಹಾದಾಗ ಬೀಸುವ ಗಾಳಿಗೆ ಹೆದರದಷ್ಟು ಇಬ್ಬರೂ ಪಳಗಿದ ಮೇಲೆ, ಸರ್ವಿಸ್ ರಸ್ತೆ ಇರುವಲ್ಲಿ ಅದನ್ನೇ ಹಿಡಿದು ಹೋಗಬಹುದು. ಈ ಹೆದ್ದಾರಿಯ ಮೇಲೆಯೇ ಇರುವ ಮರವಂತೆಗೆ ಹೋಗುವ ಆಸೆಯನ್ನೂ ಅಲ್ಲಿಯವರೆಗೆ ಮುಂದೂಡುವುದು ಒಳ್ಳೆಯದು.

ಕಡಲ ಬದಿಯಿಂದ ಬಂದ ದಿನ ಸಿಹಿನೀರಿನಲ್ಲಿ ಸೈಕಲ್ ತೊಳೆದು, ಒರೆಸಿ, ಎರಡೂ ಚೈನ್‌ಗಳಿಗೆ ಎಣ್ಣೆ ಬಿಡಿ. ಎಡಬದಿಯ ಉದ್ದನೆಯ ಚೈನ್ ಜೋತುಬಿದ್ದರೆ ಹಲ್ಲಿನಿಂದ ಜಾರಿ ಬಿದ್ದೀತು. ನಡುವೆ ಬೆರಳಿನಿಂದ ಒತ್ತಿದಾಗ ಸುಮಾರು ಒಂದು ಸೆಂಟಿಮೀಟರ್ ಅಲುಗಿದರೆ ಅದರ ಬಿಗಿ ಸರಿಯಾಗಿದೆ. ಮುಂದಿನ ಪೆಡಲ್‌ಗಳ ನಡುವಿನ ಬೇರಿಂಗ್ ಗೂಡನ್ನು ತಿರುಗಿಸಿ ಈ ಬಿಗಿಯನ್ನು ಹೊಂದಿಸುವ ವ್ಯವಸ್ಥೆ ಬಹಳಷ್ಟು ಟ್ಯಾಂಡೆಮ್‌ಗಳಲ್ಲಿ ಇರುತ್ತದೆ. ಉಪ್ಪು ಮತ್ತು ಕೆಸರು ಸೇರಿ ಆ ಗೂಡು ಒಮ್ಮೆ ಕಚ್ಚಿಕೊಂಡರೆ ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಅದನ್ನು ಬಿಚ್ಚಿಸಿ ಗ್ರೀಸ್ ಹಾಕಿಸಿ.