ಮರದ ಮೀನಿಗೆ ಬಣ್ಣ ಹಾಕಲು ಕೊಂಡ ಏರ್‌ಬ್ರಶ್

ಗಾಳಕ್ಕೆ ಕಟ್ಟುವ ಲೂರ್‌ಗಳನ್ನು, ಅಂದರೆ ಮರದ ಹುಸಿಮೀನುಗಳನ್ನು ಕೆತ್ತುವುದು ನನಗೆ ಬೇಗ ಕೈಹತ್ತಿತು. ತಕರಾರು ಬಣ್ಣದ್ದು. ಕುಂಚದಲ್ಲಿ ಹಚ್ಚಿದರೆ ಕಡುಹಸಿರು ಬೆನ್ನು ಬಿಳಿ ಹೊಟ್ಟೆಯನ್ನು ಕೂಡುವಲ್ಲಿ ಅಡ್ಡಗೆರೆ ಎಳೆದ ಹಾಗೆ ಕಾಣುತ್ತಿತ್ತು. ನಿಜವಾದ ಮೀನಿನಲ್ಲಿ ಆ ಬಣ್ಣ ಮೆಲ್ಲಗೆ ಕರಗುತ್ತಾ ಇಳಿಯುತ್ತದೆ. ಅದಕ್ಕಾಗಿ ಏರ್‌ಬ್ರಶ್, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣವನ್ನು ಮಂಜಿನಂತೆ ಚಿಮುಕಿಸುವ ಸಾಧನ ಕೊಂಡೆ. ಕೊಳ್ಳುವಾಗಲೇ ಎಡವಿದೆ.

ಮೂತಿಯಲ್ಲಿ ಬಣ್ಣದ ಹರಿವನ್ನು ಹಿಡಿತದಲ್ಲಿಡುವ ಸೂಜಿ ಸಣ್ಣದಾದಷ್ಟೂ ಕೆಲಸ ನಾಜೂಕಾಗುತ್ತದೆ ಎಂದುಕೊಂಡು 0.2 ಮಿಲಿಮೀಟರ್‌ನದನ್ನು ಆರಿಸಿದ್ದೆ. ಲೂರಿಗೆ ಜೀವ ಬರುವುದು ಮುತ್ತಿನ ಹೊಳಪು, ಬೆಳ್ಳಿ ಮಿನುಗಿನ ಬಣ್ಣಗಳಿಂದ. ಅವುಗಳ ಕಣಗಳು ದಪ್ಪ. ಎರಡು ಸಲ ಚಿಮುಕಿಸುವಷ್ಟರಲ್ಲಿ ಮೂತಿ ಕಟ್ಟಿಕೊಳ್ಳುತ್ತಿತ್ತು. ಬಿಚ್ಚುವುದು, ತೊಳೆಯುವುದು, ಮತ್ತೆ ಜೋಡಿಸುವುದು. ಒಮ್ಮೆ ಅವಸರದಲ್ಲಿ ಸೂಜಿಯ ತುದಿ ನೀರಿನ ಲೋಟದ ಅಂಚಿಗೆ ತಗುಲಿತು. ಕಣ್ಣಿಗೆ ಏನೂ ಕಾಣಲಿಲ್ಲ, ಉಗುರಿನ ಮೇಲೆ ಎಳೆದಾಗ ಕೊಕ್ಕೆ ಗೀರಿತು. ಅಂದಿನಿಂದ ಬಣ್ಣ ಓರೆಯಾಗಿ ಹಾರತೊಡಗಿತು.

ಈಗ ಕೈಯಲ್ಲಿರುವುದು 0.35ರದು, ಬಣ್ಣದ ಬಟ್ಟಲು ಮೇಲಿರುವ ಮಾದರಿ. ಬಣ್ಣ ತನ್ನ ಭಾರಕ್ಕೇ ಇಳಿಯುವುದರಿಂದ ಕಡಿಮೆ ಒತ್ತಡ ಸಾಕು, ಐದಾರು ಹನಿಯಲ್ಲಿ ಒಂದು ಬೆನ್ನು ಮುಗಿಯುತ್ತದೆ. ಕೆಳಗೆ ಶೀಸೆ ತೂಗುವ ಮಾದರಿಯಲ್ಲಿ ಬೆರಳುದ್ದದ ಮೀನಿಗೆ ಬಣ್ಣ ದಂಡ.

ಹೊಸಬರಿಗೆ ಸಿಂಗಲ್ ಆ್ಯಕ್ಷನ್, ಅಂದರೆ ಗುಂಡಿ ಒತ್ತಿದೊಡನೆ ಗಾಳಿ, ಬಣ್ಣ ಎರಡೂ ಒಟ್ಟಿಗೆ ಬರುವ ಮಾದರಿ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡಬಲ್ ಆ್ಯಕ್ಷನ್‌ನಲ್ಲಿ ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಎಷ್ಟು ಎಳೆದರೆ ಅಷ್ಟು. ಬಣ್ಣ ಕರಗಿಸುವ ಕಲೆಯೆಲ್ಲ ಆ ಎಳೆತದಲ್ಲೇ ಇದೆ. ಬಿಡುವಾಗ ಮಾತ್ರ ಮೊದಲು ಬಣ್ಣ ನಿಲ್ಲಬೇಕು, ಆಮೇಲೆ ಗಾಳಿ. ನಾನು ಉಲ್ಟಾ ಮಾಡುತ್ತಿದ್ದೆ. ಮುಂದಿನ ಒತ್ತಿಗೆ ಮೂತಿಯಲ್ಲಿ ನಿಂತ ಹನಿ ಸಿಡಿದು ಮೀನಿನ ಕೆನ್ನೆಯ ಮೇಲೆ ಜೇಡ ಕುಳಿತಂತಾಗುತ್ತಿತ್ತು. ಹಳೆಯ ರಟ್ಟಿನ ಮೇಲೆ ಒಂದು ವಾರ ಬರೀ ಚುಕ್ಕೆ, ಗೆರೆ ಎಳೆದ ಮೇಲೆ ಬೆರಳಿಗೆ ಬುದ್ಧಿ ಬಂತು.

ಹಣ ಸುರಿಯುವುದಿದ್ದರೆ ಏರ್‌ಬ್ರಶ್ಶಿಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರಿಗೆ ಸುರಿಯಿರಿ. ಟ್ಯಾಂಕ್ ಇಲ್ಲದ ಚಿಕ್ಕದರಲ್ಲಿ ಗಾಳಿ ಮಿಡಿಯುತ್ತಾ ಬರುತ್ತದೆ, ಗೆರೆಯೂ ಮಿಡಿಯುತ್ತದೆ. ಒತ್ತಡ ಹೊಂದಿಸುವ ರೆಗ್ಯುಲೇಟರ್, ತೇವ ಹಿಡಿಯುವ ಫಿಲ್ಟರ್ ಎರಡೂ ಇರಲಿ. ಡಬ್ಬಿಯ ಗಾಳಿಯ ಗೋಜಿಗೆ ಹೋಗಬೇಡಿ: ಬಳಸುತ್ತಿದ್ದಂತೆ ಡಬ್ಬಿ ತಣ್ಣಗಾಗಿ ಒತ್ತಡ ಕುಸಿಯುತ್ತದೆ.

ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ ಸುಮಾರು 25 ಪಿಎಸ್‌ಐ ಗಾಳಿಯೊತ್ತಡದಲ್ಲಿ ಹೊಡೆಯುತ್ತೇನೆ. ಮುಖಕ್ಕೆ ಮಾಸ್ಕ್ ಇದ್ದೇ ಇರುತ್ತದೆ. ಮೊದಲು ಬಿಳಿ ತಳ, ಅದರ ಮೇಲೆ ಮುತ್ತಿನ ಹೊಳಪು. ಹುರುಪೆಗೆ ಹಳೆಯ ಸೊಳ್ಳೆಪರದೆಯ ತುಂಡನ್ನು ಮೀನಿಗೆ ಬಿಗಿಯಾಗಿ ಸುತ್ತಿ ಕ್ಲಿಪ್ ಹಾಕಿ, ಮೇಲಿನಿಂದ ಹಸಿರು ಚಿಮುಕಿಸುತ್ತೇನೆ. ಪರದೆ ಸಡಿಲವಿದ್ದರೆ ಬಣ್ಣ ಎಳೆಗಳಡಿ ನುಸುಳಿ ಹುರುಪೆಯ ಬದಲು ಮಂಜು ಮೂಡುತ್ತದೆ. ಒಣಗಿದ ಮೇಲೆ ಪರದೆ ಬಿಚ್ಚುವ ಆ ಕ್ಷಣ ಇವತ್ತಿಗೂ ಉಸಿರು ಬಿಗಿಹಿಡಿಯುತ್ತೇನೆ.

ಆ 0.2ರದನ್ನು ಎಸೆದಿಲ್ಲ. ಹೊಸ ಸೂಜಿ ಹಾಕಿಸಿ, ತೆಳುವಾದ ಕಪ್ಪಿನಲ್ಲಿ ಕಿವಿರಿನ ಗೆರೆಯನ್ನು ಅದರಿಂದಲೇ ಎಳೆಯುತ್ತೇನೆ. ಮಿನುಗು ಬಣ್ಣವನ್ನು ಮಾತ್ರ ಅದರ ಹತ್ತಿರ ತರುವುದಿಲ್ಲ.