ಹಳೇ ಬೈಕಿನ ಮೀಟರ್ ಕೆಟ್ಟಿದೆಯೇ? ಸ್ಪ್ರೇ ಡಬ್ಬಿ ಕೆಳಗಿಡಿ, ಮೊದಲು ಕೇಬಲ್ ಬಿಚ್ಚಿ

ಬುಲೆಟ್ ಇರಲಿ, ಯೆಜ್ಡಿ ಇರಲಿ, ಸ್ಪೀಡೋಮೀಟರಿನ ಮುಳ್ಳು ಕುಣಿಯಲು ಶುರುವಾದ ಕೂಡಲೇ ತುಂಬಾ ಜನ ಮಾಡುವ ಮೊದಲ ಕೆಲಸ ಅಂದರೆ ಕೇಬಲ್ ಕಳಚಿ ಮೀಟರಿನ ಕೆಳಗಿನ ತೂತಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು. ನಾಲ್ಕು ದಿನ ಕಿರುಗುಟ್ಟುವ ಸದ್ದು ನಿಲ್ಲುತ್ತದೆ. ಆಮೇಲೆ ಆ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ಗಾಡಿ ಇಪ್ಪತ್ತರಲ್ಲಿ ಹೋಗುತ್ತಿದ್ದರೂ ಮುಳ್ಳು ಡಯಲ್‌ನ ಕೊನೆಗೆ ಹೋಗಿ ಕೂರುತ್ತದೆ. ಆಗ "ಮೀಟರ್ ಹೋಯ್ತು, ಬೇರೆ ಹಾಕ್ಸಿ" ಅನ್ನುವ ಮಾತು ಬರುತ್ತದೆ. ಚೆನ್ನಾಗಿದ್ದ ಹಳೇ ಮೀಟರ್ ಗುಜರಿಗೆ ಹೋಗುತ್ತದೆ. ಹೀಗೆ ಹಾಳಾದ ಮೀಟರ್‌ಗಳನ್ನು ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಏನಾಗುತ್ತದೆ ಅಂತ ಒಮ್ಮೆ ತಿಳಿದುಕೊಂಡರೆ ಈ ತಪ್ಪು ಯಾರೂ ಮಾಡುವುದಿಲ್ಲ. 1902ರಲ್ಲಿ ಜರ್ಮನಿಯ ಓಟೋ ಶುಲ್ಜೆ ಪೇಟೆಂಟ್ ಪಡೆದ ಉಪಾಯವೇ ನಮ್ಮ ಹಳೇ ಬೈಕುಗಳ ಮೀಟರಿನಲ್ಲೂ ಇದೆ. ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ, ಅದಕ್ಕೆ ತಾಗದ ಹಾಗೆ, ತೆಳ್ಳನೆಯ ಅಲ್ಯೂಮಿನಿಯಂ ಬಟ್ಟಲು ಕೂತಿರುತ್ತದೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ ಸುಳಿಗಳು ಹುಟ್ಟುತ್ತವೆ, ಅವು ಬಟ್ಟಲನ್ನು ಎಳೆಯುತ್ತವೆ. ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಎರಡು ಎಳೆತ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಅಂದರೆ ಮೀಟರಿನ ಜೀವ ಇರುವುದು ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವಿನ ಗಾಳಿಯಲ್ಲಿ. ಅಲ್ಲಿ ಎಣ್ಣೆ ತುಂಬಿದರೆ ಎರಡೂ ಒಂದಕ್ಕೊಂದು ಅಂಟಿಕೊಂಡು ತಿರುಗುತ್ತವೆ.

ಒಂದು ಎಚ್ಚರಿಕೆ. ಬಿಎಸ್ಎ, ನಾರ್ಟನ್, ಟ್ರಯಂಫ್‌ನಂಥ ಹಳೇ ಬ್ರಿಟಿಷ್ ಬೈಕ್ ಇದ್ದವರ ಮೀಟರ್, ಬ್ರಿಟನ್ನಿನ ಸ್ಮಿತ್ಸ್ ಕಂಪನಿಯ ಕ್ರೋನೋಮೆಟ್ರಿಕ್ ಮಾದರಿ ಆಗಿದ್ದರೆ ಈ ಲೇಖನ ಅದಕ್ಕಲ್ಲ. ಅದರ ಒಳಗೆ ಗಡಿಯಾರದಂಥ ಯಂತ್ರವಿದೆ. ಅದರ ಮುಳ್ಳು ಹೆಜ್ಜೆ ಹೆಜ್ಜೆಯಾಗಿ ಜಿಗಿಯುವುದು ಸಹಜ, ರೋಗವಲ್ಲ. ಅದನ್ನು ಮನೆಯಲ್ಲಿ ಬಿಚ್ಚಬೇಡಿ.

ಮೊದಲು ರೋಗ ಎಲ್ಲಿದೆ ನೋಡಿ

ಗಾಡಿ ಒಂದೆರಡು ಕಿಲೋಮೀಟರ್ ಓಡಿಸಿ. ಮುಳ್ಳೂ ಇಲ್ಲ, ಕಿಲೋಮೀಟರ್ ಅಂಕಿಯೂ ತಿರುಗುತ್ತಿಲ್ಲ ಅಂದರೆ ಹೆಚ್ಚಾಗಿ ಕೇಬಲ್ ತುಂಡಾಗಿದೆ, ಇಲ್ಲವೇ ಕೆಳಗೆ ಕೇಬಲನ್ನು ತಿರುಗಿಸುವ ಹಲ್ಲುಚಕ್ರ, ಅಂದರೆ ಡ್ರೈವ್, ಸವೆದಿದೆ. ಬುಲೆಟ್‌ನಲ್ಲಿ ಡ್ರೈವ್ ಮುಂದಿನ ಚಕ್ರದಲ್ಲಿದೆ, ಮೈಸೂರಿನ ಜಾವಾ-ಯೆಜ್ಡಿಗಳಲ್ಲಿ ಗೇರ್‌ಬಾಕ್ಸ್ ಕಡೆಯಿಂದ ಬರುತ್ತದೆ. ಅಂಕಿ ತಿರುಗುತ್ತದೆ, ಮುಳ್ಳು ಮಾತ್ರ ಏಳುವುದಿಲ್ಲ ಅಂದರೆ ಕೇಬಲ್ ಸರಿಯಿದೆ, ಬಟ್ಟಲು ಅಥವಾ ಸ್ಪ್ರಿಂಗ್ ಕೈಕೊಟ್ಟಿದೆ. ಮುಳ್ಳು ಸರಿ, ಅಂಕಿ ನಿಂತಿದೆ ಅಂದರೆ ಒಳಗಿನ ಸಣ್ಣ ಹಲ್ಲುಚಕ್ರ ಹೋಗಿದೆ. ಗಾಡಿ ಓಡುವಾಗಲೇ ಟ್ರಿಪ್ ಸೊನ್ನೆ ಮಾಡುವವರಿಗೆ ಇದು ಬೇಗ ಬರುತ್ತದೆ. ಮುಳ್ಳು ಕುಣಿಯುತ್ತದೆ ಅಂದರೆ ಮೀಟರ್ ಮುಟ್ಟಲೇ ಬೇಡಿ, ಮೊದಲು ಕೇಬಲ್ ನೋಡಿ.

ಕೇಬಲ್

ಒಳಗಿನ ತಂತಿ ಎಳೆದು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಅದನ್ನು ಮೇಜಿನ ಮೇಲೆ U ಆಕಾರದಲ್ಲಿ ಇಟ್ಟು, ಎರಡೂ ತುದಿ ಎರಡು ಕೈಯಲ್ಲಿ ಹಿಡಿದು ಒಂದು ತುದಿಯನ್ನು ನಿಧಾನಕ್ಕೆ ತಿರುಗಿಸಿ. ಇನ್ನೊಂದು ತುದಿ ನಯವಾಗಿ ಹಿಂಬಾಲಿಸಬೇಕು. ತಡೆದು ತಡೆದು ಪಟಕ್ಕನೆ ಹಾರಿದರೆ ತಂತಿ ಒಳಗೆ ಮುರಿದುಕೊಂಡಿದೆ, ಬದಲಾಯಿಸಿ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹೊಸ ಕೇಬಲ್ ಸುಲಭವಾಗಿ ಸಿಗುತ್ತದೆ, ಆದರೆ ಕೊಳ್ಳುವ ಮೊದಲು ಅಂಗಡಿಯಲ್ಲೇ ಈ ಪರೀಕ್ಷೆ ಮಾಡಿ. ಅಗ್ಗದ ಕೇಬಲ್‌ಗಳಲ್ಲಿ ತಂತಿಯ ಸುತ್ತು ಸಡಿಲ ಇರುತ್ತದೆ, ಹೊಸದರಲ್ಲೇ ಮುಳ್ಳು ಕುಣಿಸುತ್ತದೆ.

ಈಗ ಗ್ರೀಸ್. ತಂತಿಯ ಕೆಳಗಿನ ಮುಕ್ಕಾಲು ಭಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ. ಮೇಲಿನ ಒಂದು ಗೇಣು ಪೂರ್ತಿ ಒಣಗಿರಲಿ. ತಂತಿ ಸುರುಳಿ ಸುತ್ತಿದ್ದು, ಅಲ್ವಾ? ಅದು ತಿರುಗುವಾಗ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ಮೇಲೆ ತುಂಬಿದ ಗ್ರೀಸ್ ಕೊನೆಗೆ ಮೀಟರಿನ ಒಳಗೇ ಹೋಗುತ್ತದೆ. "ಜಾಸ್ತಿ ಹಾಕಿದರೆ ಒಳ್ಳೇದು" ಅನ್ನುವ ಮಾತು ಇಲ್ಲಿ ಸುಳ್ಳು.

ಕೇಬಲ್ ಹಾಕುವಾಗ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೋಡಿ. ಎಲ್ಲೂ ಮೊಣಕೈ ಮಡಿಸಿದಂತೆ ಬಾಗಬಾರದು. ಹತ್ತಕ್ಕೆ ಏಳೆಂಟು ಮೀಟರ್‌ಗಳು ಇಷ್ಟಕ್ಕೇ ಸರಿಯಾಗುತ್ತವೆ.

ಮೀಟರ್ ಬಿಚ್ಚಲೇಬೇಕಾದರೆ

ಹೆಡ್‌ಲೈಟ್ ಕೇಸಿನಿಂದ ಮೀಟರ್ ಹೊರತೆಗೆಯಿರಿ. ಗಾಜನ್ನು ಹಿಡಿದಿರುವ ರಿಂಗಿನ ಕೆಳ ಅಂಚನ್ನು ಡಬ್ಬಿಗೆ ಮಡಚಿರುತ್ತಾರೆ. ಮೊಂಡು ತುದಿಯ ಚಿಕ್ಕ ಸ್ಕ್ರೂಡ್ರೈವರ್ ಹಿಡಿದು ಆ ಮಡಿಕೆಯನ್ನು ಪ್ರತಿ ಸುತ್ತಿನಲ್ಲೂ ಸ್ವಲ್ಪವೇ ಎತ್ತುತ್ತಾ ಸುತ್ತಿ ಬನ್ನಿ. ನಾಲ್ಕೈದು ಸುತ್ತು ಬೇಕಾದೀತು. ಒಂದೇ ಕಡೆ ಮೀಟಿದರೆ ರಿಂಗ್ ಸೊಟ್ಟಗಾಗುತ್ತದೆ, ಆಮೇಲೆ ಎಷ್ಟು ತಟ್ಟಿದರೂ ಮಳೆನೀರು ಒಳಗೆ ಬರುವುದು ತಪ್ಪುವುದಿಲ್ಲ.

ಇನ್ನು ಮುಳ್ಳು. ಮೀಟರ್ ಹಾಳಾಗುವುದು ಇಲ್ಲೇ, ಆದ್ದರಿಂದ ಅವಸರ ಬೇಡ.

ಸೊನ್ನೆಯ ಹತ್ತಿರ ಒಂದು ಸಣ್ಣ ಮೊಳೆಯಂಥ ಕಡ್ಡಿ ಇರುತ್ತದೆ, ಮುಳ್ಳು ಅದಕ್ಕೆ ಒರಗಿ ನಿಂತಿರುತ್ತದೆ. ಅದು ಮುಳ್ಳಿನ ನಿಜವಾದ ವಿಶ್ರಾಂತಿಯ ಜಾಗ ಅಲ್ಲ. ಸ್ಪ್ರಿಂಗ್ ಅದನ್ನು ಇನ್ನೂ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಮುಳ್ಳಿನ ತುದಿಯನ್ನು ಉಗುರಿನಿಂದ ಮೆಲ್ಲಗೆ ಎತ್ತಿ ಕಡ್ಡಿಯ ಮೇಲಿಂದ ದಾಟಿಸಿ ಬಿಡಿ. ಅದು ತೂಗಾಡಿ ಸೊನ್ನೆಗಿಂತ ಕೆಳಗೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಆ ಜಾಗವೇ ಮುಖ್ಯ. ಡಯಲ್‌ನ ಹೊರ ಅಂಚಿಗೆ ಸಣ್ಣ ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಫೋನಿನಲ್ಲಿ ನೇರ ಮೇಲಿಂದ ಫೋಟೋ ಕೂಡ ತೆಗೆಯಿರಿ. ಈ ಗುರುತಿಲ್ಲದೆ ಮುಳ್ಳು ಕಿತ್ತು, ವಾಪಸ್ಸು ಹಾಕುವಾಗ ಸುಮ್ನೆ ಸೊನ್ನೆಗೆ ಇಟ್ಟು ಒತ್ತಿಬಿಡುತ್ತಾರೆ. ಆ ಮೀಟರ್ ಅವತ್ತಿನಿಂದ ಒಂದೇ ಒಂದು ಅಂಕಿಯನ್ನೂ ಸರಿ ತೋರಿಸುವುದಿಲ್ಲ.

ಕೀಳುವಾಗ ಡಯಲ್ ಮೇಲೆ ಎರಡೂ ಕಡೆ ದಪ್ಪ ಕಾಗದ ಇಡಿ. ಎರಡು ಟೀ ಚಮಚಗಳ ತುದಿಯನ್ನು ಮುಳ್ಳಿನ ಗುಂಡಿಯ ಕೆಳಗೆ ಎದುರುಬದುರಾಗಿ ತೂರಿಸಿ, ಎರಡನ್ನೂ ಒಟ್ಟಿಗೆ ಒತ್ತಿ. ಮುಳ್ಳು ನೇರ ಮೇಲಕ್ಕೆ ಬರಬೇಕು. ಬೆರಳಲ್ಲಿ ಹಿಡಿದು ತಿರುಚಿದರೆ ಆ ತಿರುಚು ಪೂರ್ತಿ ಸ್ಪ್ರಿಂಗಿಗೆ ಹೋಗುತ್ತದೆ. ಸ್ಪ್ರಿಂಗ್ ಮಡಚಿಕೊಂಡರೆ ಕಥೆ ಮುಗಿಯಿತು.

ಡಯಲ್‌ನ ಸ್ಕ್ರೂ ಬಿಚ್ಚಿದರೆ ಬಟ್ಟಲು ಕಾಣುತ್ತದೆ. ಅಂಟು ತೆಗೆಯಲು ಮೊಬೈಲ್ ರಿಪೇರಿ ಅಂಗಡಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಕಿವಿಗೆ ಹಾಕುವ ಹತ್ತಿ ಕಡ್ಡಿ ಸಾಕು. ಅದನ್ನು ಡಯಲ್‌ಗೆ ತಾಗಿಸಬೇಡಿ. ಪೆಟ್ರೋಲ್, ಥಿನ್ನರ್ ಅಂತೂ ಹತ್ತಿರವೂ ತರಬೇಡಿ, ಹಳೇ ಡಯಲ್‌ನ ಅಂಕಿಗಳು ಹತ್ತಿಯ ಜೊತೆಗೇ ಎದ್ದು ಬರುತ್ತವೆ. ಅಯಸ್ಕಾಂತಕ್ಕೆ ಹಿಡಿದ ಕಬ್ಬಿಣದ ಪುಡಿಯನ್ನು ಸೆಲ್ಲೋಟೇಪ್ ಒತ್ತಿ ತೆಗೆಯಿರಿ. ಕಬ್ಬಿಣದ ಚಿಮಟ ಬೇಡ. ಅಯಸ್ಕಾಂತ ಅದನ್ನು ಎಳೆದುಕೊಂಡಾಗ ನಡುವೆ ಸಿಕ್ಕುವುದು ಆ ಸ್ಪ್ರಿಂಗೇ. ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗದೆ ಸಮ ಅಂತರದಲ್ಲಿದ್ದರೆ ಮುಟ್ಟಬೇಡಿ. ತಾಗಿದ್ದರೆ ಕೈಗಡಿಯಾರ ರಿಪೇರಿ ಮಾಡುವ ಹಿರಿಯರ ಹತ್ತಿರ ಹೋಗಿ. ಬೈಕ್ ಮೆಕ್ಯಾನಿಕ್‌ಗಿಂತ ಅವರ ಕಣ್ಣು, ಕೈ ಈ ಕೆಲಸಕ್ಕೆ ಪಳಗಿರುತ್ತದೆ.

ಎಣ್ಣೆ ಬೇಕಾಗಿರುವುದು ಒಂದೇ ಜಾಗಕ್ಕೆ: ಕೇಬಲ್ ಕೂರುವ ಕೆಳಗಿನ ಬುಷ್. ಸೂಜಿಯ ತುದಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಅಷ್ಟೇ.

ಮಸುಕಾದ ಡಯಲ್ ಮೇಲೆ ಅಂಟಿಸುವ ಸ್ಟಿಕ್ಕರ್ ಮಾರುತ್ತಾರೆ. ಅಂಟಿಸಬೇಡಿ. ಅಂಕಿಗಳ ಜಾಗ ಕೂದಲೆಳೆ ಆಚೀಚೆ ಆದರೂ ಮೀಟರ್ ಸುಳ್ಳು ಹೇಳುತ್ತದೆ. ಅರವತ್ತರ ದಶಕದಲ್ಲಿ ಮೈಸೂರಿನ ಯಾದವಗಿರಿಯ ಜಾವಾ ಕಾರ್ಖಾನೆಯಿಂದ ಹೊರಬಂದ ಗಾಡಿಗೆ ಮಸುಕಾದ ಅಸಲಿ ಡಯಲ್ಲೇ ಚಂದ.

ಡ್ರಿಲ್ ಪರೀಕ್ಷೆ

ಹಳೇ ಕೇಬಲ್‌ನ ಚೌಕ ತುದಿಯನ್ನು ನಾಲ್ಕು ಬೆರಳುದ್ದ ಕತ್ತರಿಸಿ, ವೇಗ ಬದಲಿಸಬಹುದಾದ ಡ್ರಿಲ್‌ಗೆ ಹಾಕಿ. ಮೊದಲು ಕೈಯಲ್ಲೇ ತಿರುಗಿಸಿ ಬಟ್ಟಲು ಯಾವ ಕಡೆ ಎಳೆಯುತ್ತದೆ ನೋಡಿಕೊಳ್ಳಿ. ತಪ್ಪು ದಿಕ್ಕಿನಲ್ಲಿ ಓಡಿಸಬೇಡಿ.

ಸ್ಮಿತ್ಸ್ ಡಯಲ್‌ಗಳ ಮೇಲೆ ಚಿಕ್ಕದಾಗಿ ಒಂದು ಸಂಖ್ಯೆ ಇರುತ್ತದೆ. ಮೈಲಿ ಡಯಲ್‌ನಲ್ಲಿ 1600 ಅಂದರೆ ಮೈಲಿಗೆ 1600 ಸುತ್ತು, ಕಿಲೋಮೀಟರ್ ಡಯಲ್‌ನಲ್ಲಿ 1000 ಅಂದರೆ ಕಿಲೋಮೀಟರಿಗೆ 1000 ಸುತ್ತು. ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ ಒಂದು ಕಿ.ಮೀ. ಹಾಗಾಗಿ 1000ದ ಮೀಟರನ್ನು ನಿಮಿಷಕ್ಕೆ 1000 ಸುತ್ತು ತಿರುಗಿಸಿದರೆ ಮುಳ್ಳು 60 ತೋರಿಸಬೇಕು. ಸುತ್ತು ಅಳೆಯಲು ಬೆಳಕಿನ ಟ್ಯಾಕೋಮೀಟರ್ ಸಿಗುತ್ತದೆ, ಸಾಲ ಕೇಳಿ ತಂದರೂ ಆದೀತು. ಡಯಲ್‌ನಲ್ಲಿ ಸಂಖ್ಯೆ ಇಲ್ಲದಿದ್ದರೆ ಗಾಡಿಯನ್ನು ತಳ್ಳಿಕೊಂಡು ಹೋಗಿ ಹತ್ತು ಮೀಟರ್ ದೂರಕ್ಕೆ ತಂತಿ ಎಷ್ಟು ಸುತ್ತು ತಿರುಗಿತು ಎಣಿಸಿ, ನೂರರಿಂದ ಗುಣಿಸಿ.

ಮುಳ್ಳನ್ನು ಪೆನ್ಸಿಲ್ ಗುರುತಿನ ಜಾಗಕ್ಕೇ ಹಗುರವಾಗಿ ಕೂರಿಸಿ, ಕಡ್ಡಿ ದಾಟಿಸಿ, ಡ್ರಿಲ್ ಓಡಿಸಿ. ಇಪ್ಪತ್ತು, ನಲವತ್ತು, ಅರವತ್ತು ಮೂರರಲ್ಲೂ ಒಂದೇ ಅಂತರ ತಪ್ಪಿದರೆ ಮುಳ್ಳು ಕೂತ ಜಾಗ ತಪ್ಪಿದೆ. ವೇಗದ ಜೊತೆ ತಪ್ಪೂ ಬೆಳೆಯುತ್ತಾ ಹೋದರೆ ಅಯಸ್ಕಾಂತ ಅಥವಾ ಸ್ಪ್ರಿಂಗಿನ ಬಲ ಬದಲಾಗಿದೆ, ಅದಕ್ಕೆ ಮುಳ್ಳು ಸರಿಸುವುದು ಔಷಧಿಯಲ್ಲ. ಯಾರೋ ಮೊದಲೇ ಮುಳ್ಳು ಕಿತ್ತು ಗುರುತು ಕಳೆದಿದ್ದರೆ, ಡ್ರಿಲ್ ಸಾವಿರದಲ್ಲಿ ಓಡುತ್ತಿರುವಾಗಲೇ ಮುಳ್ಳನ್ನು ಅರವತ್ತಕ್ಕೆ ಹಗುರವಾಗಿ ಇಡಿ. ಆಮೇಲೆ ಉಳಿದ ಎರಡು ವೇಗದಲ್ಲಿ ನೋಡಿ. ಎಲ್ಲ ತಾಳೆಯಾದ ಮೇಲಷ್ಟೇ ಪೂರ್ತಿ ಒತ್ತಿ.

ಹೊಸ ರಬ್ಬರ್ ಹಾಕಿ, ಗಾಜು ಇಟ್ಟು, ರಿಂಗಿನ ಅಂಚನ್ನು ಚಮಚದ ಬೆನ್ನಿನಿಂದ ಸುತ್ತಲೂ ಒತ್ತಿ ಮುಚ್ಚಿ.

ರಸ್ತೆಯಲ್ಲಿ ಫೋನಿನ ಜಿಪಿಎಸ್ ಜೊತೆ ಹೋಲಿಸಿ. ಡ್ರಿಲ್‌ನಲ್ಲಿ ಸರಿ ಇದ್ದ ಮೀಟರ್ ಬುಲೆಟ್‌ನಲ್ಲಿ ತಪ್ಪಿದರೆ ಮುಂದಿನ ಟೈರ್ ಅಳತೆ ನೋಡಿ, 3.25-19 ಬದಲು ಬೇರೆ ಹಾಕಿರಬಹುದು. ಯೆಜ್ಡಿಯಲ್ಲಾದರೆ ಹಿಂದಿನ ಟೈರಿನ ಜೊತೆಗೆ ಸ್ಪ್ರಾಕೆಟ್‌ನ (ಚೈನ್ ಕೂರುವ ಚಕ್ರದ) ಹಲ್ಲುಗಳನ್ನೂ ಎಣಿಸಿ. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಕೇಬಲ್‌ನ ಮೇಲಿನ ನಟ್ ಬಿಚ್ಚಿ ತಂತಿಯ ತುದಿ ಮುಟ್ಟಿ ನೋಡಿ. ಬೆರಳಿಗೆ ಗ್ರೀಸ್ ಹತ್ತಿದರೆ ಒರೆಸಿ, ಒಣಗಿಸಿ, ಮತ್ತೆ ಹಾಕಿ.