ಎಳೆಯ ಕೀ ಫಾರ್ವರ್ಡ್‌ನನ್ನು ತಂಡವೇ ಬೆಳೆಸುವ ಬಗೆ

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಎದುರಾಳಿ ಗೋಲಿನ ಹತ್ತಿರ ನಿಂತು, ಮೈಗೆ ಮೈ ತಾಗಿಸಿಕೊಂಡು ನಿಂತ ರಕ್ಷಣಾ ಆಟಗಾರನ ತಲೆಯ ಮೇಲಿಂದ ಚೆಂಡನ್ನು ಹಿಡಿಯಬೇಕಾದ ಕೀ ಫಾರ್ವರ್ಡ್‌ನ ಆಟ ಮಾಗುವುದಕ್ಕೆ ವರ್ಷಗಳೇ ಬೇಕಾಗುತ್ತವೆ. ಜೀಲಾಂಗ್ ತಂಡದ ಟಾಮ್ ಹಾಕಿನ್ಸ್ ಈ ಆಟದ ಅಗ್ರ ವೃತ್ತಿಪರ ಲೀಗ್ ಆದ ಎಎಫ್‌ಎಲ್‌ನಲ್ಲಿ ತಮ್ಮ ಮೊದಲ ಪಂದ್ಯವನ್ನು 2007ರಲ್ಲಿ ಆಡಿದರು. ಋತುವಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಸಲ್ಲುವ ಕೋಲ್ಮನ್ ಪದಕ ಅವರಿಗೆ ದೊರೆತದ್ದು 2020ರಲ್ಲಿ. ವೃತ್ತಿಪರ ತರಬೇತಿಯ ನಡುವೆ ಬೆಳೆದವರ ಮಾತೇ ಹೀಗಿರುವಾಗ, ವಾರಾಂತ್ಯದಲ್ಲಿ ಮುಂಬೈಯ ಮೈದಾನಗಳಲ್ಲಿ ಕ್ರಿಕೆಟಿಗರ ಜೊತೆ ಜಾಗ ಹಂಚಿಕೊಂಡು ಆಡುವ ನಮ್ಮ ಹುಡುಗರಿಂದ ಮೊದಲ ವರ್ಷದಲ್ಲೇ ಗೋಲುಗಳ ಸುರಿಮಳೆಯನ್ನು ನಿರೀಕ್ಷಿಸುವುದು ಅನ್ಯಾಯ.

ನಮ್ಮಲ್ಲಿ ಈ ಸ್ಥಾನಕ್ಕೆ ಬರುವ ಹುಡುಗ ಸಾಮಾನ್ಯವಾಗಿ ಮಾಟುಂಗಾ ಕಡೆಯ ಬ್ಯಾಸ್ಕೆಟ್‌ಬಾಲ್ ಅಂಗಣದಿಂದಲೋ, ದಕ್ಷಿಣ ಕನ್ನಡ ಮೂಲದ ಮನೆಗಳಲ್ಲಿ ಇಂದಿಗೂ ಪ್ರೀತಿ ಉಳಿದಿರುವ ವಾಲಿಬಾಲ್, ಕಬಡ್ಡಿಗಳಿಂದಲೋ ಬಂದಿರುತ್ತಾನೆ. ಎತ್ತರವಾಗಿದ್ದಾನೆ ಎಂಬ ಒಂದೇ ಕಾರಣಕ್ಕೆ ಅವನನ್ನು ಗೋಲಿನ ಮುಂದೆ ಒಂಟಿಯಾಗಿ ನಿಲ್ಲಿಸಬೇಡಿ. ಅನುಭವಿಯಾದ ಇನ್ನೊಬ್ಬ ಎತ್ತರದ ಆಟಗಾರನನ್ನು ಅದೇ ಸಾಲಿನಲ್ಲಿ ಆಡಿಸಿದರೆ ಎದುರಾಳಿಯ ಅತ್ಯುತ್ತಮ ರಕ್ಷಣಾ ಆಟಗಾರ ಆ ಹಿರಿಯನ ಬೆನ್ನು ಹಿಡಿಯುತ್ತಾನೆ, ಕಿರಿಯನಿಗೆ ಕಲಿಯುವಷ್ಟು ಉಸಿರು ಸಿಗುತ್ತದೆ. ಆಟ ಶುರುಮಾಡಲು ಅಂಪೈರ್ ಮೇಲಕ್ಕೆ ಬಿಟ್ಟ ಚೆಂಡಿಗೆ ಜಿಗಿಯುವ ರಕ್‌ಮನ್ ಕೊರತೆಯಿದೆ ಎಂದು ಪ್ರತಿ ಕ್ವಾರ್ಟರ್‌ನಲ್ಲೂ ಅವನನ್ನೇ ಮಧ್ಯಕ್ಕೆ ಕಳಿಸುವ ಅಭ್ಯಾಸವನ್ನೂ ಬಿಡಬೇಕು. ಅಲ್ಲಿ ಸುಸ್ತಾದ ಕಾಲು ಗೋಲಿನ ಮುಂದೆ ಜಿಗಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅವನಿಗೆ ಚೆಂಡು ತಲುಪುವ ರೀತಿ, ಮತ್ತು ಇದು ಅವನ ಕೈಯಲ್ಲಿಲ್ಲ. ಒತ್ತಡದಲ್ಲಿರುವ ಮಿಡ್‌ಫೀಲ್ಡರ್ ಕಣ್ಣೆತ್ತಿ ನೋಡದೆ ಆಕಾಶಕ್ಕೆ ಒದ್ದ ಚೆಂಡು ಕೆಳಗಿಳಿಯುವಷ್ಟರಲ್ಲಿ ಮೂವರು ಎದುರಾಳಿಗಳು ಅದರ ಕೆಳಗೆ ಸೇರಿರುತ್ತಾರೆ, ಅವರಲ್ಲೊಬ್ಬನು ಅದನ್ನು ಮುಷ್ಟಿಯಿಂದ ಗುದ್ದಿ ದೂರ ಮಾಡುತ್ತಾನೆ, ಮೈದಾನದ ಅಂಚಿನಲ್ಲಿ ನಿಂತವರು ಮಾತ್ರ ಫಾರ್ವರ್ಡ್ ಚೆಂಡು ಬಿಟ್ಟನೆಂದು ಬೈಯುತ್ತಾರೆ. ಆದ್ದರಿಂದ ಫಾರ್ವರ್ಡ್‌ನ ತರಬೇತಿಯನ್ನು ಒದೆಯುವವರಿಂದಲೇ ಆರಂಭಿಸಿ. ಅವನು ಓಡಿ ಬರುತ್ತಿರುವಾಗ ಚೆಂಡು ತಗ್ಗಾಗಿ, ಎದೆಯಿಂದ ತಲೆಯ ಎತ್ತರದೊಳಗೆ, ರಕ್ಷಣಾ ಆಟಗಾರ ಇಲ್ಲದ ಬದಿಗೆ ಬರಬೇಕು. ಹದಿನೈದು ಮೀಟರಿಗಿಂತ ಕಡಿಮೆ ದೂರ ಸಾಗಿದ ಒದೆತವನ್ನು ಹಿಡಿದರೆ ಮಾರ್ಕ್ (ಅಡ್ಡಿಯಿಲ್ಲದೆ ಒದೆಯುವ ಹಕ್ಕು ಕೊಡುವ ಹಿಡಿತ) ಆಗುವುದಿಲ್ಲವಾದ್ದರಿಂದ, ಚಿಕ್ಕ ಮೈದಾನದಲ್ಲಿ ಅಭ್ಯಾಸ ಮಾಡುವವರು ಆ ಅಂತರವನ್ನು ಕೋನ್ ಇಟ್ಟು ಗುರುತಿಸಿಕೊಳ್ಳುವುದು ಒಳ್ಳೆಯದು. ಇಬ್ಬರು ಮಿಡ್‌ಫೀಲ್ಡರುಗಳು, ಒಬ್ಬ ಫಾರ್ವರ್ಡ್, ಮೊದಲಿಗೆ ಬರೀ ನೆರಳಿನಂತೆ ಹಿಂಬಾಲಿಸುವ ಒಬ್ಬ ರಕ್ಷಣಾ ಆಟಗಾರ: ಈ ನಾಲ್ವರು ಪ್ರತಿ ಅಭ್ಯಾಸದಲ್ಲೂ ಒಂದಿಷ್ಟು ಹೊತ್ತು ಇದನ್ನೇ ಮಾಡಲಿ. ಎತ್ತರದ ಚೆಂಡು ಅನಿವಾರ್ಯವಾದಾಗ ಅದು ಗೋಲಿನ ಕಂಬಗಳಿಗೆ ತೀರ ಸಮೀಪಕ್ಕೆ ಬೀಳಲಿ, ಕೆಳಗೆ ಇಬ್ಬರು ಚುರುಕಾದ ಸಣ್ಣ ಆಟಗಾರರು ಕಾದಿರಲಿ. ಹಿಡಿಯಲಾಗದ ಚೆಂಡನ್ನು ಅವರ ಮುಂದೆ ನೆಲಕ್ಕೆ ಕೆಡವಿದರೂ ಕೀ ಫಾರ್ವರ್ಡ್ ತನ್ನ ಕೆಲಸ ಮಾಡಿದಂತೆಯೇ.

ಓಟದ ಸಮಯವನ್ನು ಕಲಿಸುವುದು ಇದರ ಮುಂದಿನ ಹಂತ. ಹೊಸಬ ಬೇಗ ಹೊರಡುತ್ತಾನೆ. ಒದೆಯುವವನು ಚೆಂಡನ್ನು ಸರಿಯಾಗಿ ಹಿಡಿದು ತಲೆ ಎತ್ತುವಷ್ಟರಲ್ಲಿ ಅವನ ಓಟ ಮುಗಿದಿರುತ್ತದೆ. ಒದೆಯುವವನ ಕಣ್ಣು ಮೇಲೆದ್ದ ಕ್ಷಣಕ್ಕೆ ಹೊರಡಲು, ಅದಕ್ಕೂ ಮುಂಚೆ ತದ್ವಿರುದ್ಧ ದಿಕ್ಕಿಗೆ ಎರಡು ಹೆಜ್ಜೆ ಹಾಕಿ ಎದುರಾಳಿಯನ್ನು ಎಳೆದೊಯ್ಯಲು ಹೇಳಿಕೊಡಿ. ಚೆಂಡು ಬರದಿದ್ದರೆ ಅವನು ಸುಮ್ಮನೆ ನಿಲ್ಲದೆ ಪಕ್ಕಕ್ಕೆ ಸರಿದು ಜಾಗ ಖಾಲಿ ಮಾಡಲಿ, ಮತ್ತೊಬ್ಬನು ಆ ಜಾಗಕ್ಕೆ ಓಡಿ ಬರುತ್ತಾನೆ.

ವಾಲಿಬಾಲ್ ಆಡಿದವರು ಎರಡೂ ಕಾಲುಗಳಿಂದ ನೆಟ್ಟಗೆ ಜಿಗಿಯುತ್ತಾರೆ. ಇಲ್ಲಿ ಓಡುತ್ತಲೇ ಒಂದು ಕಾಲಿನಿಂದ ನೆಗೆದು, ಇನ್ನೊಂದು ಮೊಣಕಾಲನ್ನು ಮೇಲಕ್ಕೆತ್ತಿ, ಚೆಂಡನ್ನು ಮುಖದ ಮುಂದೆ ಎರಡೂ ಅಂಗೈಗಳಲ್ಲಿ ಹಿಡಿಯಬೇಕಾಗುತ್ತದೆ. ಕಬಡ್ಡಿಯವರಿಗೆ ಸೊಂಟದ ಬಲದಿಂದ ಜಾಗ ಉಳಿಸಿಕೊಳ್ಳುವುದು ಸುಲಭವಾಗಿ ಬರುತ್ತದೆ, ಆದರೆ ಎದುರಾಳಿಯ ಬೆನ್ನಿಗೆ ಕೈಯಿಟ್ಟು ತಳ್ಳಿದರೆ ಫ್ರೀ ಕಿಕ್ ಹೋಗುತ್ತದೆಂಬುದನ್ನು ಅವರಿಗೆ ಮತ್ತೆ ಮತ್ತೆ ನೆನಪಿಸಬೇಕು. ಇಬ್ಬರಿಗೂ ಜಿಗಿತಕ್ಕಿಂತ ಮೊದಲು ನೆಲಕ್ಕಿಳಿಯುವುದನ್ನು ಕಲಿಸಿ, ಮೊಣಕಾಲು ಮಡಚಿ ಮೆತ್ತಗೆ ಇಳಿಯುವಂತೆ. ಬೇಸಿಗೆಯಲ್ಲಿ ಇಲ್ಲಿನ ಮೈದಾನಗಳ ನೆಲ ಬಂಡೆಯಷ್ಟು ಗಟ್ಟಿ, ಹದಿನಾರು ಹದಿನೇಳರ ವಯಸ್ಸಿನಲ್ಲಿ ಸರಸರನೆ ಎತ್ತರ ಬೆಳೆಯುವ ಹುಡುಗನ ಮೊಣಕಾಲು ಆ ಹೊಡೆತವನ್ನು ಬಹಳ ದಿನ ತಾಳಲಾರದು. ನೋವೆಂದು ಹೇಳಿದ ದಿನ ಜಿಗಿತವನ್ನು ನಿಲ್ಲಿಸಿ ಬರೀ ಒದೆತದ ಅಭ್ಯಾಸ ಮಾಡಿಸಿ, ನೋವು ಉಳಿದರೆ ವೈದ್ಯರಿಗೆ ತೋರಿಸಿ.

ಮಾರ್ಕ್ ಹಿಡಿದ ಮೇಲೆ ಗೋಲಿಗೆ ಒದೆಯುವುದಕ್ಕೆ ಎಎಫ್‌ಎಲ್‌ನಲ್ಲಿ ಮೂವತ್ತು ಸೆಕೆಂಡುಗಳ ಅವಕಾಶವಿದೆ. ನಡುವಿನ ಎರಡು ಕಂಬಗಳ ನಡುವಿನ ಅಂತರ 6.4 ಮೀಟರ್, ಅದರೊಳಗೆ ಹೋದರೆ ಆರು ಅಂಕ, ಪಕ್ಕಕ್ಕೆ ಸರಿದು ಹೊರಗಿನ ಕಂಬದೊಳಗೆ ಹೋದರೆ ಒಂದೇ. ಎಷ್ಟು ಹೆಜ್ಜೆ ಹಿಂದೆ ಹೋಗಬೇಕು, ಚೆಂಡನ್ನು ಹೇಗೆ ಹಿಡಿಯಬೇಕು, ಕಂಬಗಳಾಚೆ ಯಾವ ಗುರುತನ್ನು ನೋಡಬೇಕು ಎಂಬುದನ್ನು ಅವನೇ ಆರಿಸಿಕೊಂಡು ಪ್ರತಿ ಸಲವೂ ಹಾಗೆಯೇ ಮಾಡಲಿ. ಅಭ್ಯಾಸದ ಕೊನೆಗೆ, ದಣಿದು ಏದುಸಿರು ಬಿಡುತ್ತಿರುವಾಗಲೇ ಈ ಒದೆತಗಳನ್ನು ಮಾಡಿಸಿ, ಪಂದ್ಯದಲ್ಲೂ ಅವನು ಅದೇ ಸ್ಥಿತಿಯಲ್ಲಿರುತ್ತಾನೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಎಲ್ಲವೂ ಬದಲಾಗುತ್ತದೆ. ನೆನೆದ ಚೆಂಡು ಬೆರಳ ನಡುವೆ ಜಾರುತ್ತದೆ. ಆಗ ಅವನು ಎದುರಾಳಿಯ ಮುಂದೆ ನಿಂತು ಎದೆಗೆ ತಂದುಕೊಂಡು ಹಿಡಿಯುವುದು ಮೇಲು, ಮತ್ತು ಆ ದಿನಗಳಲ್ಲಿ ಅವನ ಗೋಲುಗಳು ಕಡಿಮೆಯಾದವೆಂದು ಯಾರೂ ಲೆಕ್ಕ ಕೇಳಬಾರದು.

ಲೆಕ್ಕ ಇಡುವುದಾದರೆ ಒಂದು ನೋಟ್‌ಬುಕ್‌ನಲ್ಲಿ ಬೇರೆಯದನ್ನು ಬರೆಯಿರಿ: ಎಷ್ಟು ಬಾರಿ ಸರಿಯಾದ ಹೊತ್ತಿಗೆ ಓಡಿದ, ಎಷ್ಟು ಚೆಂಡುಗಳನ್ನು ಎದುರಾಳಿ ಹಿಡಿಯದಂತೆ ತಡೆದ, ಚೆಂಡು ಕಳೆದುಕೊಂಡ ಮೇಲೆ ಎಷ್ಟು ಬಾರಿ ಬೆನ್ನಟ್ಟಿ ಟ್ಯಾಕಲ್ ಮಾಡಿದ. ಒಂದೂ ಗೋಲಿಲ್ಲದ ಪಂದ್ಯದ ನಂತರ ಮೊದಲು ಇದನ್ನು ಅವನಿಗೆ ಓದಿ ಹೇಳಿ. ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಲೋಕಲ್ ರೈಲಿನಲ್ಲಿ ಜೋತುಬಿದ್ದು ಬರುವ ಹುಡುಗನ ತಂದೆತಾಯಿಗೂ ಅದೇ ಪುಟವನ್ನು ತೋರಿಸಿ, ಮನೆಗೆ ಹೋದ ಮೇಲೆ ಎಷ್ಟು ಗೋಲು ಎಂಬ ಪ್ರಶ್ನೆಯೊಂದನ್ನೇ ಕೇಳಬಾರದೆಂದು ವಿನಂತಿಸಿ. ಕ್ವಾರ್ಟರ್‌ಗಳ ನಡುವಿನ ವಿರಾಮದಲ್ಲಿ ಅವನಿಗೆ ಒಂದೇ ಸೂಚನೆ ಸಾಕು, ಅದೂ ಮುಂದಿನ ಚೆಂಡಿನ ಬಗ್ಗೆ ಮಾತ್ರ.